ಅರ್ಜಿ ಹಿಡಿದು ನಡೆದವರ ದಾರಿ

ಸೇಂಟ್ ಪೀಟರ್ಸ್‌ಬರ್ಗಿನ ಮೆಟ್ರೋ ನಕ್ಷೆಯಲ್ಲಿ ಕೆಂಪು ಗೆರೆಯದು ಒಂದನೇ ಮಾರ್ಗ. ಆ ಊರಿನಲ್ಲಿ ಮೊದಲು ಓಡಿದ್ದೂ ಅದೇ, 1955ರ ನವೆಂಬರಿನಲ್ಲಿ. ದಕ್ಷಿಣದ ಕಾರ್ಖಾನೆ ಬಡಾವಣೆಗಳಿಂದ ಹೊರಟು, ಊರ ನಡುವೆ ಹಾದು, ನೆವಾ ನದಿಯನ್ನು ಅಡಿಯಿಂದ ದಾಟಿ, ಒಂದು ಕಾಲದಲ್ಲಿ ನೂಲಿನ ಗಿರಣಿಗಳಿಂದ ತುಂಬಿದ್ದ ವೀಬೊರ್ಗ್ ದಂಡೆಗೆ ಹೋಗುತ್ತದೆ. ರಷ್ಯದ ರಾಜಪ್ರಭುತ್ವವನ್ನು ಉರುಳಿಸಿದ ದೊಡ್ಡ ಘಟನೆಗಳಲ್ಲಿ ಬಹಳಷ್ಟು ನಡೆದದ್ದು ಈ ಗೆರೆಯ ಆಸುಪಾಸಿನಲ್ಲೇ. ಪ್ರವಾಸಿಗಳು ಈ ಊರಿಗೆ ಬರುವುದು ಅರಮನೆ ನೋಡಲು. ಅದರಲ್ಲಿ ತಪ್ಪೇನಿಲ್ಲ, ಈಗ ಹರ್ಮಿಟೇಜ್ ವಸ್ತುಸಂಗ್ರಹಾಲಯವಾಗಿರುವ ಚಳಿಗಾಲದ ಅರಮನೆಯಂಥ ಕಟ್ಟಡ ಜಗತ್ತಿನಲ್ಲಿ ಹೆಚ್ಚಿಲ್ಲ. ಆದರೆ ಆ ಅರಮನೆಯ ಒಡೆಯರು ಏಕೆ ಇಲ್ಲದಾದರು ಎಂಬ ಪ್ರಶ್ನೆಗೆ ಅದರ ಚಿನ್ನದ ಕಂಬಗಳ ನಡುವೆ ಉತ್ತರ ಸಿಗುವುದಿಲ್ಲ. ಉತ್ತರ ಬೇಕಾದವರು ಕೆಂಪು ಗೆರೆ ಹಿಡಿಯಬೇಕು.

ನಾನು ಹೋದದ್ದು ಮಾರ್ಚ್ ತಿಂಗಳಲ್ಲಿ. ರಸ್ತೆ ಬದಿಗೆ ಒತ್ತಿದ್ದ ಹಿಮ ಕಪ್ಪಗೆ ಗಟ್ಟಿಯಾಗಿತ್ತು, ನೆವಾ ಇನ್ನೂ ಕರಗಿರಲಿಲ್ಲ. ಜೊತೆಗೆ ಬಂದವಳು ಹುಬ್ಬಳ್ಳಿಯ ಗೆಳೆಯರ ಮಗಳು, ಅಲ್ಲಿ ವೈದ್ಯಕೀಯ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳಲ್ಲಿ ಒಬ್ಬಳು. "ಅಂಕಲ್, ಎಲ್ಲಾರೂ ಹರ್ಮಿಟೇಜ್ ನೋಡಾಕ ಬರ್ತಾರ, ನೀವು ಫ್ಯಾಕ್ಟರಿ ಗ್ವಾಡಿ ನೋಡಾಕ ಹೊಂಟೀರಲ್ರಿ" ಎಂದಳು. ಎರಡನ್ನೂ ನೋಡುವುದಿತ್ತು. ಮೊದಲು ಫ್ಯಾಕ್ಟರಿಯ ಗೋಡೆ.

ಇಳಿದದ್ದು ಕಿರೋವ್‌ಸ್ಕಿ ಜಾವೋದ್ ನಿಲ್ದಾಣದಲ್ಲಿ. ಮೇಲೆ ಬಂದರೆ ಸ್ತಾಚೆಕ್ ರಸ್ತೆ, ಅಂದರೆ ಮುಷ್ಕರಗಳ ರಸ್ತೆ. ಅದರ ಬದಿಗೆ ಕಿರೋವ್ ಕಾರ್ಖಾನೆ. 1934ರಲ್ಲಿ ಕಮ್ಯುನಿಸ್ಟ್ ಮುಖಂಡ ಕಿರೋವ್‌ನ ಕೊಲೆಯಾದ ಮೇಲೆ ಈ ಹೆಸರು ಬಂತು. ಕ್ರಾಂತಿಯ ಕಾಲದಲ್ಲಿ ಇದು ಪುತಿಲೋವ್ ಕಾರ್ಖಾನೆ. ರೈಲು ಕಂಬಿ, ಎಂಜಿನ್, ಫಿರಂಗಿ ಎಲ್ಲವೂ ಇಲ್ಲಿ ತಯಾರಾಗುತ್ತಿದ್ದವು. 1905ರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಇಲ್ಲಿ ದುಡಿಯುತ್ತಿದ್ದರು, ಮೊದಲನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಸುಮಾರು ಮೂವತ್ತು ಸಾವಿರ. ಗಾರ್ಕಿಯ 'ತಾಯಿ'ಯನ್ನು ನಿರಂಜನರ ಕನ್ನಡದಲ್ಲಿ ಓದಿ ಬೆಳೆದ ನನ್ನಂಥವರಿಗೆ ಇಂಥ ಗೋಡೆಯ ಮುಂದೆ ನಿಂತಾಗ ಸುಮ್ಮನೆ ದಾಟಿಹೋಗಲು ಮನಸ್ಸಾಗುವುದಿಲ್ಲ.

ಈ ಜನ ಎಲ್ಲಿಂದ ಬಂದರು ಎಂಬಲ್ಲಿಂದ ಕತೆ ಶುರುವಾಗಬೇಕು. ಬಂದದ್ದು ಹಳ್ಳಿಗಳಿಂದ. 1861ರ ಫೆಬ್ರವರಿ 19ರಂದು ಎರಡನೇ ಅಲೆಕ್ಸಾಂಡರ್ ಜೀತದ ರೈತರನ್ನು ಬಿಡುಗಡೆ ಮಾಡಿದ. ಜಮೀನ್ದಾರರ ಸ್ವತ್ತಾಗಿ ಬದುಕುತ್ತಿದ್ದ ಸುಮಾರು 2 ಕೋಟಿ 30 ಲಕ್ಷ ಜನರಿಗೆ ಸ್ವಾತಂತ್ರ್ಯ ಸಿಕ್ಕಿತು. ದೊಡ್ಡ ಕೆಲಸವೇ. ಆದರೆ ಅವರು ತಲೆತಲಾಂತರದಿಂದ ಉತ್ತ ನೆಲ ಪುಕ್ಕಟೆ ಸಿಗಲಿಲ್ಲ. ಜಮೀನ್ದಾರರಿಗೆ ಪರಿಹಾರವನ್ನು ಸರ್ಕಾರ ಕೊಟ್ಟಿತು. ಆ ಸಾಲದ ಶೇ 6ರಷ್ಟನ್ನು ವರ್ಷ ವರ್ಷವೂ ಕಟ್ಟುತ್ತ 49 ವರ್ಷಗಳಲ್ಲಿ ತೀರಿಸುವ ಹೊರೆ ರೈತನ ಹೆಗಲಿಗೆ ಬಿತ್ತು. ಬಹಳ ಕಡೆ ನೆಲದ ಬೆಲೆಯನ್ನೇ ಹೆಚ್ಚಿಗೆ ಕಟ್ಟಿದ್ದರು. ಹಿಂದೆ ಉಳುತ್ತಿದ್ದ ಹೊಲದ ಒಂದು ಪಾಲನ್ನು ಕತ್ತರಿಸಿ ಜಮೀನ್ದಾರರು ಇಟ್ಟುಕೊಂಡರು. ಕಾಡು, ಹುಲ್ಲುಗಾವಲು, ನೀರಿನ ಜಾಗ ಹಲವೆಡೆ ಅವರ ಕೈಯಲ್ಲೇ ಉಳಿದವು. ಗೋಮಾಳ ಹೋದ ಊರಿನಲ್ಲಿ ದನ ಕಟ್ಟಿದವನ ಪಾಡೇನು ಎಂಬುದನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಂತಿನ ಜವಾಬ್ದಾರಿ ಒಬ್ಬೊಬ್ಬ ರೈತನದಲ್ಲ, ಇಡೀ ಊರಿನದು. 'ಮೀರ್' ಎಂಬ ಊರ ಸಭೆ ನೆಲ ಹಂಚುತ್ತಿತ್ತು, ತೆರಿಗೆ ವಸೂಲಿ ಮಾಡುತ್ತಿತ್ತು. ಒಬ್ಬ ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹೊಟ್ಟೆಪಾಡಿಗೆ ಪಟ್ಟಣಕ್ಕೆ ಹೋಗುವವನಿಗೆ ಊರಿನ ಒಪ್ಪಿಗೆಯ ಮೇಲೆ ರಹದಾರಿ ಸಿಗಬೇಕು. ಹೀಗಾಗಿ ಪುತಿಲೋವ್ ಕಾರ್ಖಾನೆಯಲ್ಲಿ ಕಬ್ಬಿಣ ಬಡಿಯುತ್ತಿದ್ದವನೂ ಸರ್ಕಾರದ ಕಾಗದದಲ್ಲಿ ರೈತನೇ. ಅವನ ಸಂಬಳದ ಒಂದಿಷ್ಟು ಭಾಗ ನೂರಾರು ಮೈಲಿ ದೂರದ ಹೊಲದ ಬಾಕಿಗೆ ಹೋಗುತ್ತಿತ್ತು. ಅಷ್ಟರ ನಡುವೆ ಜನಸಂಖ್ಯೆ ಏರಿತು, ಹೊಲ ತುಂಡಾಯಿತು. 1891ರಲ್ಲಿ ವೋಲ್ಗಾ ಸೀಮೆಯಲ್ಲಿ ಮಳೆ ಕೈಕೊಟ್ಟು ಬರ ಬಿತ್ತು. ಕೈಗಾರಿಕೆಗೆ ಬಂಡವಾಳ ಹೊಂದಿಸಲು ವರ್ಷಗಳಿಂದ ಧಾನ್ಯವನ್ನು ಹೊರದೇಶಕ್ಕೆ ಮಾರುತ್ತ ಬಂದಿದ್ದ ಸರ್ಕಾರ ರಫ್ತು ನಿಲ್ಲಿಸಲು ತಡ ಮಾಡಿತು. ಹಸಿವು, ಕಾಲರಾ, ಟೈಫಸ್ ಸೇರಿ ಸುಮಾರು ನಾಲ್ಕು ಲಕ್ಷ ಜನರ ಜೀವ ತೆಗೆದವು ಎಂಬುದು ಇತಿಹಾಸಕಾರರ ಅಂದಾಜು. ರ್ಯಾಜಾನ್ ಪ್ರಾಂತ್ಯದಲ್ಲಿ ಟಾಲ್‌ಸ್ಟಾಯ್ ಗಂಜಿ ಕೇಂದ್ರಗಳನ್ನು ತೆರೆದು ನಿಂತರು. ಓದಿದ ಜನರಿಗೆ ಸರ್ಕಾರದ ಮೇಲಿದ್ದ ನಂಬಿಕೆ ಸಡಿಲವಾದದ್ದು ಆ ಬರದ ದಿನಗಳಲ್ಲಿ.

ನೆಲದ ಈ ಬಾಕಿಯೇ ಎಲ್ಲಕ್ಕೂ ಮೂಲ ಎಂದು ನನಗನ್ನಿಸುತ್ತದೆ. ಉಳಿದದ್ದೆಲ್ಲ ಅದರ ಮೇಲೆ ಬೆಳೆದದ್ದು.

ಕಾರ್ಖಾನೆಯಿಂದ ಮುಂದಿನ ನಿಲ್ದಾಣ ನಾರ್ವ್‌ಸ್ಕಾಯ. ಒಳಗೆ ಕಂಬಗಳ ಮೇಲೆ ದುಡಿಯುವ ಜನರ ಶಿಲ್ಪಗಳಿವೆ. ಹೊರಗೆ ಚೌಕದ ನಡುವೆ ನಾರ್ವಾ ವಿಜಯದ್ವಾರ ನಿಂತಿದೆ. ನೆಪೋಲಿಯನ್ನನನ್ನು ಸೋಲಿಸಿ ಮರಳಿದ ಸೈನ್ಯವನ್ನು ಸ್ವಾಗತಿಸಲು 1814ರಲ್ಲಿ ಮರದಲ್ಲಿ ಕಟ್ಟಿದ್ದ ಕಮಾನನ್ನು 1834ರ ಹೊತ್ತಿಗೆ ಇಟ್ಟಿಗೆಯಲ್ಲಿ ಹೊಸದಾಗಿ ಕಟ್ಟಿ ತಾಮ್ರದ ತಗಡು ಹೊದಿಸಿದರು. ತಾಮ್ರವೆಲ್ಲ ಈಗ ಹಸಿರು. ಮೇಲೆ ಆರು ಕುದುರೆಗಳ ರಥದಲ್ಲಿ ವಿಜಯದೇವತೆ, ಗೋಡೆಯ ಮೇಲೆ ಗೆದ್ದ ದಳಗಳ ಹೆಸರುಗಳು ಚಿನ್ನದ ಅಕ್ಷರದಲ್ಲಿ. ಆ ದಳಗಳ ಕೆಲವು ಯುವ ಅಧಿಕಾರಿಗಳು ಪ್ಯಾರಿಸ್ ನೋಡಿ ಬಂದವರು. ತಾವು ಬಿಡಿಸಿದ ಯೂರೋಪಿನಲ್ಲಿ ಇರುವ ಹಕ್ಕುಗಳು ತಮ್ಮ ಮನೆಯಲ್ಲೇಕಿಲ್ಲ ಎಂದು ಅವರಿಗನ್ನಿಸಿತು. 1825ರ ಡಿಸೆಂಬರಿನಲ್ಲಿ ಸೆನೆಟ್ ಚೌಕದಲ್ಲಿ ದಂಗೆ ಎದ್ದವರು ಅವರೇ. ಐದು ಮಂದಿಯನ್ನು ಗಲ್ಲಿಗೇರಿಸಿ, ನೂರಕ್ಕೂ ಹೆಚ್ಚು ಮಂದಿಯನ್ನು ಸೈಬೀರಿಯಕ್ಕೆ ಅಟ್ಟಿದರು.

ಈ ದ್ವಾರದ ಬಳಿ ನಡೆದ ಇನ್ನೊಂದು ಘಟನೆಗೆ ಚಿನ್ನದ ಅಕ್ಷರವಿಲ್ಲ. 1905ರ ಜನವರಿ 9, ಭಾನುವಾರ. (ಆಗಿನ ರಷ್ಯದ ಪಂಚಾಂಗ ನಮ್ಮದಕ್ಕಿಂತ ಹದಿಮೂರು ದಿನ ಹಿಂದೆ. ನಾನು ಕೊಡುವ ತಾರೀಖುಗಳು ಅದರಂತೆ.) ಪುತಿಲೋವ್‌ನಲ್ಲಿ ನಾಲ್ವರು ಕಾರ್ಮಿಕರ ಕೆಲಸದ ವಿಷಯಕ್ಕೆ ಎದ್ದ ಮುಷ್ಕರ ವಾರದೊಳಗೆ ಊರಿಗೆಲ್ಲ ಹಬ್ಬಿ ಲಕ್ಷಕ್ಕೂ ಹೆಚ್ಚು ಜನ ಕೆಲಸ ನಿಲ್ಲಿಸಿದ್ದರು. ಅವರ ಮುಂದಾಳು ಗಪೋನ್ ಎಂಬ ಪಾದ್ರಿ. ಅವನ ಸಂಘ ಪೊಲೀಸರ ಅನುಮತಿ ಪಡೆದೇ ನಡೆಯುತ್ತಿದ್ದದ್ದು. ಅವನೂ ಅವನ ಜನರೂ ದೊರೆಗೆ ಒಂದು ಅರ್ಜಿ ಬರೆದರು. ಅರಮನೆಗೆ ನಡೆದುಹೋಗಿ, ಕೈಯಲ್ಲಿ ಕೊಟ್ಟು, ದೊರೆಯ ಬಾಯಿಂದಲೇ ಉತ್ತರ ಕೇಳಬೇಕೆಂಬುದು ಆಸೆ. ಹೆಂಗಸರು, ಮಕ್ಕಳು, ಮುದುಕರು ಹೊರಟರು. ಕೈಯಲ್ಲಿ ಸಂತರ ಪಟಗಳು, ದೊರೆಯ ಭಾವಚಿತ್ರಗಳು. ಬಾಯಲ್ಲಿ ಪ್ರಾರ್ಥನೆ.

ಆ ಅರ್ಜಿಯನ್ನು ರಷ್ಯಕ್ಕೆ ಹೋಗುವ ಮುಂಚೆ ಪೂರ್ತಿ ಓದಿದ್ದೆ. ಮಗನೊಬ್ಬ ತಂದೆಗೆ ಹೇಳಿಕೊಳ್ಳುವ ಧಾಟಿಯಲ್ಲಿ ಶುರುವಾಗುತ್ತದೆ. ಕೇಳುವುದು ಮಾತ್ರ ಚಿಕ್ಕದಲ್ಲ: ದಿನಕ್ಕೆ ಎಂಟು ಗಂಟೆ ಕೆಲಸ, ನ್ಯಾಯವಾದ ಕೂಲಿ, ಮಾತಿನ ಮತ್ತು ಪತ್ರಿಕೆಯ ಸ್ವಾತಂತ್ರ್ಯ, ಎಲ್ಲರ ಮತದಿಂದ ಆರಿಸಿದ ಸಂವಿಧಾನ ಸಭೆ, ಜಪಾನಿನ ಜೊತೆಗಿನ ಯುದ್ಧಕ್ಕೆ ಕೊನೆ. ಅವುಗಳ ನಡುವೆ ಒಂದು ಸಾಲು ನನ್ನ ಕಣ್ಣು ಹಿಡಿದು ನಿಲ್ಲಿಸಿತ್ತು. ರೈತರ ನೆಲದ ಕಂತುಗಳನ್ನು ರದ್ದು ಮಾಡಬೇಕು ಎಂಬ ಬೇಡಿಕೆ ಅದು. ಪೀಟರ್ಸ್‌ಬರ್ಗಿನ ಕಾರ್ಖಾನೆಯ ಜನ, 1861ರ ಸಾಲದ ಬಗ್ಗೆ, 44 ವರ್ಷಗಳ ನಂತರ ಬರೆದ ಸಾಲು. ಹಳ್ಳಿಯ ನೋವೂ ಕಾರ್ಖಾನೆಯ ನೋವೂ ಬೇರೆಬೇರೆ ಎಂದು ಪಠ್ಯಪುಸ್ತಕಗಳು ಅಧ್ಯಾಯ ಮಾಡಿ ಹೇಳುತ್ತವೆ. ಆ ಕಾಗದದಲ್ಲಿ ಎರಡೂ ಒಂದೇ ಮನುಷ್ಯನವು.

ನಾರ್ವಾ ದ್ವಾರದ ಹತ್ತಿರ ಗಪೋನ್ ಮುಂದೆ ನಿಂತು ನಡೆಸುತ್ತಿದ್ದ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿದರು. ಊರಿನ ಬೇರೆ ಕಡೆಗಳಲ್ಲೂ, ಕೊನೆಗೆ ಅರಮನೆಯ ಚೌಕದ ಬಳಿಯೂ, ನೆವ್‌ಸ್ಕಿ ರಸ್ತೆಯಲ್ಲೂ. ಸರ್ಕಾರವೇ ನೂರಕ್ಕೂ ಹೆಚ್ಚು ಸಾವು ಒಪ್ಪಿಕೊಂಡಿತು, ಜನರ ಲೆಕ್ಕ ಅದಕ್ಕಿಂತ ಬಹಳ ಮೇಲೆ. ಅರ್ಜಿ ಅರಮನೆ ಮುಟ್ಟಲಿಲ್ಲ. ಮುಟ್ಟಿದ್ದರೂ ತೆಗೆದುಕೊಳ್ಳಲು ದೊರೆ ಅಲ್ಲಿರಲಿಲ್ಲ.

ದೊರೆ ಎಲ್ಲಿದ್ದ ಎಂದು ತಿಳಿಯಲು ಅದೇ ಕೆಂಪು ಗೆರೆಯಲ್ಲಿ ಪುಷ್ಕಿನ್‌ಸ್ಕಾಯಕ್ಕೆ ಹೋಗಬೇಕು. ಮೇಲೆ ಬಂದರೆ ವೀತೆಬ್‌ಸ್ಕ್ ರೈಲು ನಿಲ್ದಾಣ. ರಷ್ಯದ ಮೊತ್ತಮೊದಲ ರೈಲು 1837ರಲ್ಲಿ ಈ ದಾರಿಯಲ್ಲೇ ಓಡಿತು, ರಾಜಕುಟುಂಬದ ಬೇಸಿಗೆ ಊರಾದ ತ್ಸಾರ್‌ಸ್ಕೊಯೆ ಸೆಲೊಗೆ. ಈಗಲೂ ಅಲ್ಲಿಗೆ ಅರ್ಧ ಗಂಟೆಯ ದಾರಿ. ಕಿಟಕಿಯಾಚೆ ಬರ್ಚ್ ಮರಗಳು, ಅಪಾರ್ಟ್‌ಮೆಂಟುಗಳು, ಮತ್ತೆ ಬರ್ಚ್ ಮರಗಳು. ಉದ್ಯಾನದೊಳಗೆ ಹಳದಿ ಬಣ್ಣದ ಅಲೆಕ್ಸಾಂಡರ್ ಅರಮನೆ. ಯುದ್ಧದಲ್ಲಿ ಹಾಳಾಗಿ, ಎಷ್ಟೋ ಕಾಲ ಮುಚ್ಚಿದ್ದು, ದುರಸ್ತಿಯಾಗಿ 2021ರಲ್ಲಿ ತೆರೆದಿದೆ. ಎರಡನೇ ನಿಕೋಲಸ್ ತನ್ನ ಹೆಂಡತಿ ಮಕ್ಕಳೊಂದಿಗೆ ಬದುಕಿದ್ದು ಇಲ್ಲಿ. ರಾಣಿಯ ನೇರಳೆ ಬಣ್ಣದ ಕೋಣೆಯನ್ನು ಹಳೆಯ ಫೋಟೋಗಳಲ್ಲಿ ಇದ್ದಂತೆ ಮತ್ತೆ ಸಜ್ಜು ಮಾಡಿದ್ದಾರೆ. ಅಚ್ಚುಕಟ್ಟಾದ, ಬೆಚ್ಚಗಿನ ಮನೆ. ಹೆಂಡತಿಯನ್ನು ಪ್ರೀತಿಸಿದ, ಮಕ್ಕಳಿಗೆ ಓದಿ ಹೇಳುತ್ತಿದ್ದ ಗೃಹಸ್ಥನೊಬ್ಬ ಇಲ್ಲಿದ್ದ ಎಂಬುದರಲ್ಲಿ ಸಂಶಯವಿಲ್ಲ. ಜನವರಿ 9ರ ಅವನ ದಿನಚರಿ ಉಳಿದಿದೆ. ಪೀಟರ್ಸ್‌ಬರ್ಗಿನಲ್ಲಿ ನಡೆದದ್ದಕ್ಕೆ ದುಃಖ ತೋಡಿಕೊಂಡಿದ್ದಾನೆ. ಅದೇ ಪುಟದಲ್ಲಿ ತಾಯಿ ಬಂದದ್ದು, ಎಲ್ಲರೂ ಸೇರಿ ಊಟ ಮಾಡಿದ್ದು, ತಮ್ಮನ ಜೊತೆ ವಾಯುವಿಹಾರಕ್ಕೆ ಹೋದದ್ದು ಇದೆ.

ಹತ್ತು ದಿನ ಕಳೆದು ಕಾರ್ಮಿಕರ ಒಂದು ನಿಯೋಗವನ್ನು ಅಧಿಕಾರಿಗಳೇ ಆರಿಸಿ ಈ ಅರಮನೆಗೆ ಕರೆತಂದರು. ದೊರೆ ಅವರನ್ನು ಕ್ಷಮಿಸಿದ್ದಾಗಿ ಹೇಳಿ ಕಳಿಸಿದ. ಸತ್ತವರ ಕಡೆಯವರಿಗೆ, ಕೊಂದವರ ಕಡೆಯಿಂದ ಕ್ಷಮೆ. ಇಡೀ ಆಳ್ವಿಕೆಯ ಕುರುಡು ನನಗೆ ಈ ಒಂದು ಸಂಗತಿಯಲ್ಲಿ ಕಾಣುತ್ತದೆ. ನಿಕೋಲಸ್ ಕ್ರೂರಿಯಾಗಿರಲಿಲ್ಲ. ದೇವರು ತನಗೆ ಒಪ್ಪಿಸಿದ ಅಧಿಕಾರವನ್ನು ಎಳ್ಳಷ್ಟೂ ಕಡಿಮೆಯಾಗದಂತೆ ಮಗನಿಗೆ ದಾಟಿಸುವುದೇ ತನ್ನ ಧರ್ಮ ಎಂದು ನಂಬಿದ್ದ. 1895ರಲ್ಲಿ, ಪಟ್ಟಕ್ಕೆ ಬಂದ ಮೂರು ತಿಂಗಳಲ್ಲೇ, ಸ್ಥಳೀಯ ಸಭೆಗಳ ಪ್ರತಿನಿಧಿಗಳು ಆಡಳಿತದಲ್ಲಿ ತಮ್ಮ ಮಾತಿಗೂ ಜಾಗ ಬೇಕೆಂದು ಬಹಳ ವಿನಯದಿಂದ ಕೇಳಿದ್ದರು. ಅದನ್ನು ಅರ್ಥವಿಲ್ಲದ ಕನಸು ಎಂದು ತುಂಬಿದ ಸಭೆಯಲ್ಲಿ ತಳ್ಳಿಹಾಕಿದ. ಕೇಳಿದವರು ಬಂಡಾಯಗಾರರಲ್ಲ, ರಾಜನಿಷ್ಠ ಜಮೀನ್ದಾರರು, ಊರ ಗಣ್ಯರು.

ಮರಳಿ ಬರುವಾಗ ತಾಂತ್ರಿಕ ಸಂಸ್ಥೆಯ ನಿಲ್ದಾಣದಲ್ಲಿ ಇಳಿದೆವು. ಇದರಲ್ಲಿ ನೋಡಲು ಹೆಚ್ಚೇನಿಲ್ಲ, ಕಾಲೇಜಿನ ಎದುರು ಮಾರ್ಕ್ಸ್‌ವಾದಿ ಪ್ಲೆಖಾನೊವ್‌ನ ಪ್ರತಿಮೆ, ಅವಸರದಲ್ಲಿ ಓಡುವ ಹುಡುಗರು. ಆದರೆ 1905ರ ಅಕ್ಟೋಬರ್ 13ರಂದು ಕಾರ್ಖಾನೆಗಳ ಪ್ರತಿನಿಧಿಗಳು ಕೂಡಿ ಪೀಟರ್ಸ್‌ಬರ್ಗ್ ಸೋವಿಯತ್ ಕಟ್ಟಿದ್ದು ಈ ಕಟ್ಟಡದಲ್ಲಿ. ಆ ಹೊತ್ತಿಗೆ ಜಪಾನಿನ ಎದುರು ತ್ಸುಶಿಮಾದಲ್ಲಿ ರಷ್ಯದ ನೌಕಾಪಡೆ ಮುಳುಗಿತ್ತು. ಹುಳ ಬಿದ್ದ ಮಾಂಸ ಬಡಿಸಿದ್ದಕ್ಕೆ ಪೊಟೆಮ್ಕಿನ್ ಹಡಗಿನ ನಾವಿಕರು ದಂಗೆ ಎದ್ದಿದ್ದರು. ಹಳ್ಳಿಗಳಲ್ಲಿ ಜಮೀನ್ದಾರರ ಬಂಗಲೆಗಳು ಉರಿಯುತ್ತಿದ್ದವು. ಅಕ್ಟೋಬರಿನಲ್ಲಿ ರೈಲು ನಿಂತಿತು, ಆಮೇಲೆ ಎಲ್ಲವೂ ನಿಂತಿತು. ಕಾರ್ಖಾನೆ, ಛಾಪಖಾನೆ, ಅಂಚೆ, ಕಡೆಗೆ ರಾಜಾಶ್ರಯದ ಬ್ಯಾಲೆ ನರ್ತಕರು ಕೂಡ. ದಕ್ಷಿಣ ಆಫ್ರಿಕದಲ್ಲಿ ಕೂತು ಈ ಸುದ್ದಿಗಳನ್ನು ಓದುತ್ತಿದ್ದ ಗಾಂಧೀಜಿ ತಮ್ಮ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ, ರಷ್ಯದ ಜನ ಹಿಡಿದ ದಾರಿ ಭಾರತಕ್ಕೂ ಪಾಠ ಎಂದು ಅದೇ ವರ್ಷ ಬರೆದರು.

ಅಕ್ಟೋಬರ್ 17ರಂದು ಝಾರ್ ನಿಕೋಲಸ್ ಮಣಿದ. ನಾಗರಿಕ ಸ್ವಾತಂತ್ರ್ಯ, ಡೂಮಾ ಎಂಬ ಚುನಾಯಿತ ಸಂಸತ್ತು ಎಲ್ಲಕ್ಕೂ ಸಹಿ ಹಾಕಿದ. ನವೆಂಬರಿನಲ್ಲಿ ನೆಲದ ಕಂತುಗಳನ್ನು ಅರ್ಧಕ್ಕೆ ಇಳಿಸಿ, 1907ರಿಂದ ಪೂರ್ತಿ ರದ್ದು ಮಾಡುವುದಾಗಿ ಘೋಷಿಸಿದ. ಜನವರಿಯಲ್ಲಿ ಕೈಮುಗಿದು ಕೇಳಿದಾಗ ಗುಂಡಿನ ಉತ್ತರ ಸಿಕ್ಕಿದ ಬೇಡಿಕೆ, ಅಕ್ಟೋಬರಿನಲ್ಲಿ ದೇಶವನ್ನೇ ನಿಲ್ಲಿಸಿದಾಗ ಈಡೇರಿತು. ಇದರಿಂದ ಜನ ಕಲಿತದ್ದೇನು? ಅರ್ಜಿ ಹಿಡಿದು ಹೋದರೆ ಸಾವು, ಕತ್ತು ಹಿಸುಕಿದರೆ ಕೊಡುಗೆ. ಮಾರ್ಕ್ಸ್‌ವಾದಿಗಳ ಕರಪತ್ರಗಳು ಹತ್ತು ವರ್ಷದಲ್ಲಿ ಕಲಿಸಲಾರದ್ದನ್ನು ಸರ್ಕಾರ ಹತ್ತು ತಿಂಗಳಲ್ಲಿ ಕಲಿಸಿತು. ರಷ್ಯದ ಕ್ರಾಂತಿಗೆ ಕಾರಣ ಹುಡುಕುತ್ತ ಹೋದ ನನಗೆ ಸಿಕ್ಕ ಉತ್ತರ ಇದು. ಬಡತನ ಬೇರೆ ದೇಶಗಳಲ್ಲೂ ಇತ್ತು, ಸೋಲು ಬೇರೆ ರಾಜರಿಗೂ ಬಂದಿತ್ತು. ಕೇಳುವ ಮೆತ್ತಗಿನ ದಾರಿಗಳನ್ನೆಲ್ಲ ತಾನೇ ಮುಚ್ಚುತ್ತ ಬಂದ ಪ್ರಭುತ್ವ ಇದು.

ಕೊಟ್ಟದ್ದನ್ನು ಕಸಿಯಲೂ ತಡವಾಗಲಿಲ್ಲ. 1906ರ ಏಪ್ರಿಲಿನಲ್ಲಿ ಕೂಡಿದ ಮೊದಲ ಡೂಮಾ ಜಮೀನ್ದಾರರ ನೆಲವನ್ನು ರೈತರಿಗೆ ಹಂಚುವ ಮಾತೆತ್ತಿತು. 72 ದಿನಗಳಲ್ಲಿ ಅದನ್ನು ವಿಸರ್ಜಿಸಿದರು. ಎರಡನೆಯದನ್ನೂ ಮುಚ್ಚಿ, 1907ರ ಜೂನಿನಲ್ಲಿ ರೈತರ, ಕಾರ್ಮಿಕರ ಮತಕ್ಕೆ ಬೆಲೆ ಇಲ್ಲದಂತೆ ಚುನಾವಣೆಯ ಕಾನೂನನ್ನೇ ತಿದ್ದಿದರು. ಪ್ರಧಾನಿ ಸ್ತೊಲಿಪಿನ್ ಒಂದು ಕೈಯಲ್ಲಿ ರೈತನಿಗೆ ಮೀರ್‌ನಿಂದ ಹೊರಬಂದು ಸ್ವಂತ ಹೊಲ ಮಾಡಿಕೊಳ್ಳುವ ಅವಕಾಶ ಕೊಟ್ಟ, ಇನ್ನೊಂದು ಕೈಯಲ್ಲಿ ಸೇನಾ ನ್ಯಾಯಾಲಯಗಳಿಂದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದ. ಅವನನ್ನೂ 1911ರಲ್ಲಿ ಕೀವ್‌ನ ನಾಟಕಶಾಲೆಯಲ್ಲಿ ಗುಂಡಿಟ್ಟು ಕೊಂದರು. ಸಾಮ್ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನ ರಷ್ಯನ್ನರಲ್ಲ, ಪೋಲರು, ಉಕ್ರೇನಿಯನ್ನರು, ಫಿನ್ನರು, ಯಹೂದಿಗಳು. ಅವರ ಭಾಷೆ, ಧರ್ಮ, ವಾಸದ ಮೇಲಿನ ಕಟ್ಟುಪಾಡುಗಳು ಬೇರೊಂದು ದೀರ್ಘ ಕತೆ. ಆ ಸಿಟ್ಟೂ ಇದಕ್ಕೇ ಸೇರಿತು.

ಮಾರ್ಚ್ 8ರಂದು ನಾವು ಗೆರೆಯ ಉತ್ತರದ ತುದಿಯ ಕಡೆ, ವೀಬೊರ್ಗ್‌ಸ್ಕಾಯ ನಿಲ್ದಾಣಕ್ಕೆ ಹೋದೆವು. ಬಾಗಿಲಲ್ಲೇ ಹೂವಿನ ಬಕೆಟ್ಟುಗಳ ಸಾಲು. ಟ್ಯುಲಿಪ್, ಹಳದಿ ಮಿಮೋಸಾ. ಚಳಿಗೆ ಹೂವು ಬಾಡದಂತೆ ಕಾಗದ ಸುತ್ತಿ ಕೊಡುತ್ತಿದ್ದರು. "ಇವತ್ತ ಇಲ್ಲಿ ರಜಾ ರೀ ಅಂಕಲ್. ಗಂಡಸರೆಲ್ಲಾ ಹೂವು ತಗೊಂಡ ಮನಿಗೆ ಹೋಗ್ತಾರ" ಎಂದಳು ಹುಡುಗಿ. ಮಹಿಳಾ ದಿನ. ಹೂ ಮಾರುತ್ತಿದ್ದ ಅಜ್ಜಿಯನ್ನು, 1917ರಲ್ಲಿ ಈ ದಿನ ಇಲ್ಲಿ ಏನಾಯಿತು ಗೊತ್ತೇ ಎಂದು ಅವಳ ಮೂಲಕ ಕೇಳಿಸಿದೆ. ಅಜ್ಜಿ ಬಕೆಟ್ಟಿನಿಂದ ತಲೆ ಎತ್ತದೆ ಒಂದೇ ಮಾತು ಹೇಳಿದರು. "ಬ್ರೆಡ್ಡು ಅಂತಾರ್ರಿ. ಬ್ರೆಡ್ಡಿನ ಸಲುವಾಗಿ."

ನಮ್ಮ ಪಂಚಾಂಗದ 1917ರ ಮಾರ್ಚ್ 8 ಎಂದರೆ ಅವರ ಫೆಬ್ರವರಿ 23. ಯುದ್ಧದ ಮೂರನೇ ಚಳಿಗಾಲ. ಸುಮಾರು ಒಂದೂವರೆ ಕೋಟಿ ಗಂಡಸರನ್ನು ಸೈನ್ಯಕ್ಕೆ ಎಳೆದುಕೊಂಡಿದ್ದರು. ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಅವರ ಹೆಂಡಂದಿರು, ಅಕ್ಕತಂಗಿಯರು ಬಹಳ. ದೇಶದಲ್ಲಿ ಧಾನ್ಯ ಇತ್ತು, ಪೀಟರ್ಸ್‌ಬರ್ಗಿಗೆ ಬರುತ್ತಿರಲಿಲ್ಲ. ರೈಲುಗಳೆಲ್ಲ ಸೈನ್ಯದ ಸೇವೆಗೆ ಹೋಗಿ, ಎಂಜಿನ್ನುಗಳು ಕೆಟ್ಟು ನಿಂತಿದ್ದವು. ಸರ್ಕಾರ ಯುದ್ಧ ಶುರುವಾದಾಗ ವೋಡ್ಕಾ ಮಾರಾಟ ನಿಲ್ಲಿಸಿ ತನ್ನ ಅತಿ ದೊಡ್ಡ ವರಮಾನವನ್ನೇ ಕಳೆದುಕೊಂಡಿತ್ತು. ಖರ್ಚಿಗೆ ನೋಟು ಅಚ್ಚು ಹಾಕುತ್ತ ಹೋದಂತೆ ಬೆಲೆ ಏರುತ್ತ ಹೋಯಿತು. ಆ ನೋಟಿನಿಂದ ಕೊಳ್ಳಲು ಪೇಟೆಯಲ್ಲಿ ಸಾಮಾನೇ ಇಲ್ಲದಾಗ ರೈತ ಧಾನ್ಯವನ್ನೇಕೆ ಮಾರುತ್ತಾನೆ? ಹೆಣ್ಣುಮಕ್ಕಳು ದಿನವಿಡೀ ಯಂತ್ರದ ಮುಂದೆ ನಿಂತು, ರಾತ್ರಿ ಹಿಮದಲ್ಲಿ ಬ್ರೆಡ್ಡಿನ ಸರತಿಯಲ್ಲಿ ನಿಲ್ಲಬೇಕಾಗಿತ್ತು. ಸರತಿಯಲ್ಲಿ ನಿಂತು ಸೋತ ಈ ತಾಯಂದಿರು ವಿರೋಧ ಪಕ್ಷದವರಿಗಿಂತ ಅಪಾಯ ಎಂದು ಗುಪ್ತ ಪೊಲೀಸರೇ ಜನವರಿಯ ವರದಿಯಲ್ಲಿ ಎಚ್ಚರಿಸಿದ್ದರು. ಯಾರೂ ಕಿವಿಗೊಡಲಿಲ್ಲ.

ಅಂದು ಬೆಳಗ್ಗೆ ವೀಬೊರ್ಗ್ ದಂಡೆಯ ನೂಲಿನ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು ಹೊರಬಂದರು. ಪಕ್ಕದ ಲೋಹದ ಕಾರ್ಖಾನೆಗಳ ಕಿಟಕಿಗಳಿಗೆ ಹಿಮದುಂಡೆ ಎಸೆದು ಗಂಡಸರನ್ನು ಕರೆದರು. ಸಮಾಜವಾದಿ ಪಕ್ಷಗಳ ಸ್ಥಳೀಯ ಮುಖಂಡರಿಗೆ ಅಂದು ಮುಷ್ಕರ ಬೇಡವಾಗಿತ್ತು. ಹೆಂಗಸರು ಕೇಳಲಿಲ್ಲ. ಸೇತುವೆಗಳ ಮೇಲೆ ಪೊಲೀಸರಿದ್ದರು, ಜನ ಹೆಪ್ಪುಗಟ್ಟಿದ ನೆವಾದ ಮೇಲೆ ನಡೆದು ದಾಟಿದರು. ಹಿಂದಿನ ದಿನವೇ ಪುತಿಲೋವ್ ಕಾರ್ಖಾನೆಗೆ ಆಡಳಿತ ಬೀಗ ಹಾಕಿತ್ತು, ಆ ಜನರೂ ಬೀದಿಯಲ್ಲಿದ್ದರು. ಕೆಂಪು ಗೆರೆಯ ಎರಡೂ ತುದಿಗಳಿಂದ ಜನ ನಡುವಿಗೆ ಬರುತ್ತಿದ್ದರು.

ಮುಂದಿನ ನಿಲ್ದಾಣ ಲೆನಿನ್ ಚೌಕ, ಫಿನ್ಲೆಂಡ್ ರೈಲು ನಿಲ್ದಾಣದ ಎದುರು. ಲೆನಿನ್ನನ ಪ್ರತಿಮೆ ನದಿಯ ಕಡೆ ಕೈಚಾಚಿ ನಿಂತಿದೆ. ಅವನು ಇಲ್ಲಿ ಇಳಿದದ್ದು 1917ರ ಏಪ್ರಿಲ್ 3ರಂದು, ಝಾರ್ ಕೆಳಗಿಳಿದು ತಿಂಗಳಾದ ಮೇಲೆ. ಅದೇ ವರ್ಷದ ಜನವರಿಯಲ್ಲಿ, ಗಪೋನ್ ಮೆರವಣಿಗೆಯ ಹನ್ನೆರಡನೇ ವರ್ಷದ ದಿನ, ಜ್ಯೂರಿಕ್‌ನಲ್ಲಿ ಯುವಕಾರ್ಮಿಕರಿಗೆ ಉಪನ್ಯಾಸ ಕೊಡುತ್ತ, ಬರಲಿರುವ ಕ್ರಾಂತಿಯ ನಿರ್ಣಾಯಕ ಹೋರಾಟಗಳನ್ನು ನಮ್ಮ ಹಿರಿಯ ತಲೆಮಾರು ನೋಡದೆ ಹೋಗಬಹುದು ಎಂದಿದ್ದ. ರಾಜಪ್ರಭುತ್ವವನ್ನು ಲೆನಿನ್ ಉರುಳಿಸಿದ ಎಂದು ನಂಬುವವರು ನಮ್ಮಲ್ಲಿ ಇಂದಿಗೂ ಬಹಳ. ಅದು ಬಿದ್ದಾಗ ಅವನು ದೇಶದಲ್ಲೇ ಇರಲಿಲ್ಲ.

ಸಾಧು ರಾಸ್‌ಪುಟಿನ್ ಕತೆಯೂ ಹೀಗೆಯೇ. ಅವನ ಕೊಲೆ ನಡೆದ, ಮೊಯ್ಕಾ ದಂಡೆಯ ಯೂಸುಪೊವ್ ಅರಮನೆಯ ನೆಲಮಾಳಿಗೆಗೆ ಪ್ರವಾಸಿಗಳ ದಂಡು ಹೋಗುತ್ತದೆ, ಅಲ್ಲಿ ಅವನ ಮೇಣದ ಗೊಂಬೆ ಕೂರಿಸಿದ್ದಾರೆ. ರಕ್ತ ಹೆಪ್ಪುಗಟ್ಟದ ಕಾಯಿಲೆಯ ಮಗನಿಗಾಗಿ ಕಂಗಾಲಾದ ರಾಣಿ ಅವನನ್ನು ನಂಬಿದಳು. 1915ರಲ್ಲಿ ದೊರೆ ತಾನೇ ಸೇನಾಪತಿಯಾಗಿ ಮೊಗಿಲ್ಯೋವ್‌ಗೆ ಹೋದ ಮೇಲೆ ಆಡಳಿತದಲ್ಲಿ ರಾಣಿಯ, ಅವಳ ಮೂಲಕ ಅವನ ಮಾತು ನಡೆಯಿತು. 1916ರ ಒಂದೇ ವರ್ಷದಲ್ಲಿ ಗೊರೆಮಿಕಿನ್, ಶ್ಟ್ಯೂರ್ಮರ್, ತ್ರೆಪೊವ್, ಗೊಲಿತ್ಸಿನ್ ಎಂದು ನಾಲ್ವರು ಪ್ರಧಾನಿಗಳನ್ನು ದೇಶ ಕಂಡಿತು. ಹಾನಿ ದೊಡ್ಡದೇ. ಆದರೂ ಒಬ್ಬ ಪ್ರಧಾನಿಯನ್ನು ಇಳಿಸುವ ಅಧಿಕಾರ ಡೂಮಾಕ್ಕೆ ಇದ್ದಿದ್ದರೆ ರಾಸ್‌ಪುಟಿನ್ ಒಬ್ಬ ಆಸ್ಥಾನದ ಸಾಧುವಾಗಿ ಮಾತ್ರ ಉಳಿಯುತ್ತಿದ್ದ. ಅವನನ್ನು ಕೊಂದು ಎರಡೂವರೆ ತಿಂಗಳಿಗೆ ಸಿಂಹಾಸನವೇ ಉರುಳಿತು, ಅವನ ಸಾವಿನಿಂದ ಏನೂ ಉಳಿಯಲಿಲ್ಲ.

ವೊಸ್ತಾನಿಯಾ ಚೌಕ, ಅಂದರೆ ಬಂಡಾಯದ ಚೌಕ, ನೆವ್‌ಸ್ಕಿ ರಸ್ತೆಯ ಮೇಲೆ ಮಾಸ್ಕೋ ರೈಲು ನಿಲ್ದಾಣದ ಎದುರಿಗಿದೆ. ಆಗಿನ ಹೆಸರು ಜ್ನಾಮೆನ್‌ಸ್ಕಾಯ ಚೌಕ. ಈಗ ಮೆಟ್ರೋ ಬಾಗಿಲಿರುವ ಜಾಗದಲ್ಲಿ ಆಗ ಚರ್ಚ್ ಇತ್ತು, ಚೌಕದ ನಡುವೆ ದಪ್ಪ ಕುದುರೆಯ ಮೇಲೆ ಮೂರನೇ ಅಲೆಕ್ಸಾಂಡರ್‌ನ ಕಂಚಿನ ಪ್ರತಿಮೆ. ತಂದೆ ಎರಡನೇ ಅಲೆಕ್ಸಾಂಡರ್ 1881ರ ಮಾರ್ಚ್ 1ರಂದು, ಚುನಾಯಿತ ಪ್ರತಿನಿಧಿಗಳನ್ನು ಸಲಹೆಗೆ ಕರೆಯುವ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟ ದಿನವೇ, ಬಾಂಬಿಗೆ ಬಲಿಯಾದ. ಮಗ ಆ ಯೋಜನೆಯನ್ನು ಎತ್ತಿಟ್ಟು, ನಿರಂಕುಶ ಅಧಿಕಾರ ಅಚಲ ಎಂದು ಸಾರಿದ. ಅವನ ಕಾಲದಲ್ಲೇ, 1887ರಲ್ಲಿ, ಅಡುಗೆಯವರ, ಅಗಸಗಿತ್ತಿಯರ, ಗಾಡಿ ಹೊಡೆಯುವವರ ಮಕ್ಕಳನ್ನು ಒಳ್ಳೆಯ ಶಾಲೆಗಳಿಂದ ದೂರ ಇಡಿ ಎಂಬ ಸುತ್ತೋಲೆ ಹೊರಟಿತು. ಅದೇ ವರ್ಷ ಅವನ ಕೊಲೆಗೆ ಸಂಚು ಹೂಡಿದ ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಿದರು. ಅವರಲ್ಲೊಬ್ಬ ಲೆನಿನ್ನನ ಅಣ್ಣ.

1917ರ ಫೆಬ್ರವರಿಯ ಕೊನೆಯ ದಿನಗಳಲ್ಲಿ ಭಾಷಣಕಾರರು ಆ ಪ್ರತಿಮೆಯ ಕಟ್ಟೆಯನ್ನೇ ಹತ್ತಿ ನಿಂತರು. ಮೊಗಿಲ್ಯೋವ್‌ನಿಂದ ದೊರೆ ತಂತಿ ಕಳಿಸಿದ: ನಾಳೆಯೊಳಗೆ ಗಲಭೆ ಅಡಗಬೇಕು. 26, ಭಾನುವಾರ, ವೊಲಿನ್‌ಸ್ಕಿ ದಳದ ತರಬೇತಿ ತುಕಡಿ ಈ ಚೌಕದಲ್ಲಿ ಜನರ ಮೇಲೆ ಗುಂಡು ಹಾರಿಸಿತು. ಹತ್ತಾರು ಜನ ಸತ್ತರು. ಮತ್ತದೇ ಭಾನುವಾರ, ಮತ್ತದೇ ಉತ್ತರ. ಆದರೆ ಈ ಸಲ ಸೈನಿಕರು ಬೇರೆ. ಹಳ್ಳಿಯಿಂದ ಈಚೆಗೆ ಎಳೆದು ತಂದ ರೈತರ ಮಕ್ಕಳು ಅವರು, ಬ್ರೆಡ್ಡಿನ ಸರತಿಯಲ್ಲಿ ನಿಂತವರಲ್ಲಿ ತಮ್ಮ ತಾಯಂದಿರನ್ನೇ ಕಂಡವರು. ರಾತ್ರಿ ಬ್ಯಾರಕ್ಕಿನಲ್ಲಿ ಕಿರ್ಪಿಚ್ನಿಕೊವ್ ಎಂಬ ಸಾರ್ಜೆಂಟ್ ಮತ್ತು ಅವನ ಜೊತೆಗಾರರು ಇನ್ನು ಜನರ ಮೇಲೆ ಗುಂಡು ಹಾರಿಸುವುದಿಲ್ಲ ಎಂದು ಮಾತು ಮಾಡಿಕೊಂಡರು. ಸೋಮವಾರ ಬೆಳಗ್ಗೆ ಅಧಿಕಾರಿಯ ಅಪ್ಪಣೆ ಮೀರಿ, ಅವನನ್ನು ಕೊಂದು, ಬೀದಿಗೆ ಬಂದರು. ಸಂಜೆಯ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಸೈನಿಕರಿದ್ದ ಊರಿನಲ್ಲಿ ಝಾರ್‌ಗಾಗಿ ನಿಲ್ಲುವ ದಳ ಇರಲಿಲ್ಲವೆಂದೇ ಹೇಳಬೇಕು.

ಮಾರ್ಚ್ 2ರಂದು, ಪ್ಸ್ಕೊವ್‌ನಲ್ಲಿ ನಿಂತಿದ್ದ ರೈಲಿನ ಬೋಗಿಯೊಳಗೆ, ನಿಕೋಲಸ್ ತನ್ನ ಸೇನಾಧಿಪತಿಗಳ ಅಭಿಪ್ರಾಯ ಕೇಳಿದ. ದಾಯಾದಿ ಚಿಕ್ಕಪ್ಪನೂ ಸೇರಿ ಎಲ್ಲರೂ ಇಳಿಯುವುದೇ ಲೇಸು ಎಂದರು. ಪೆನ್ಸಿಲಿನಲ್ಲಿ ಸಹಿ ಮಾಡಿದ. ತಮ್ಮ ಮಿಖಾಯಿಲ್ ಮರುದಿನ ಪಟ್ಟ ಬೇಡವೆಂದ. 1613ರಿಂದ ಆಳಿದ ರೊಮಾನೊವ್ ವಂಶದ ಅರಸೊತ್ತಿಗೆ ಅಲ್ಲಿಗೆ ಮುಗಿಯಿತು.

ಚೆರ್ನಿಷೆವ್‌ಸ್ಕಾಯ ನಿಲ್ದಾಣವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿಂದ ನಡೆದರೆ ತವ್ರಿಚೆಸ್ಕಿ ಅರಮನೆ. ಕ್ಯಾಥರೀನ್ ರಾಣಿ ತನ್ನ ಸೇನಾನಿ ಪೊಟೆಮ್ಕಿನ್‌ಗಾಗಿ ಕಟ್ಟಿಸಿದ್ದು, ಆಮೇಲೆ ಡೂಮಾದ ಮನೆ. ಹಿಂದಿನ ತೋಟದಲ್ಲಿ ಮಕ್ಕಳು ಹಿಮದ ದಿಬ್ಬದಿಂದ ಜಾರಿ ಆಡುತ್ತಿದ್ದರು. 1917ರ ನವೆಂಬರಿನಲ್ಲಿ, ಲೆನಿನ್ನನ ಪಕ್ಷದವರಾದ ಬೋಲ್ಶೆವಿಕರು ಅಧಿಕಾರ ಹಿಡಿದ ಮೇಲೂ, ಸಂವಿಧಾನ ಸಭೆಗೆ ದೇಶದ ತುಂಬ ಮತದಾನ ನಡೆಯಿತು. ನಾಲ್ಕು ಕೋಟಿಗೂ ಹೆಚ್ಚು ಜನ ಮತ ಹಾಕಿದರು. ಹೆಂಗಸರಿಗೂ ಮತವಿತ್ತು. ಹೆಚ್ಚು ಮತ ಪಡೆದದ್ದು ರೈತರ ಬೆಂಬಲದ ಸಮಾಜವಾದಿ ಕ್ರಾಂತಿಕಾರಿ ಪಕ್ಷ, ಬೋಲ್ಶೆವಿಕರಿಗೆ ಬಂದದ್ದು ಕಾಲು ಭಾಗದಷ್ಟು. ಗಪೋನ್ ಅರ್ಜಿಯ ಮುಖ್ಯ ಬೇಡಿಕೆಯಾಗಿದ್ದ ಆ ಸಭೆ 1918ರ ಜನವರಿ 5ರಂದು ಈ ಅರಮನೆಯಲ್ಲಿ ಕೂಡಿತು. ಬೆಳಗಿನ ಜಾವದವರೆಗೆ ನಡೆಯಿತು, ಮತ್ತೆ ಕೂಡಲು ಬೋಲ್ಶೆವಿಕರು ಬಿಡಲಿಲ್ಲ. ಸಭೆಯ ಬೆಂಬಲಕ್ಕೆ ಮೆರವಣಿಗೆ ಬಂದ ಕಾರ್ಮಿಕರ ಮೇಲೆ ಅಂದು ಕೆಂಪು ರಕ್ಷಕ ದಳದವರು ಗುಂಡು ಹಾರಿಸಿದರು. 1905ರ ಜನವರಿ 9ನ್ನೂ ಈ ದಿನವನ್ನೂ ಪಕ್ಕಪಕ್ಕ ಇಟ್ಟು ಪತ್ರಿಕೆಯಲ್ಲಿ ಖಂಡಿಸಿ ಬರೆದವರು ಮ್ಯಾಕ್ಸಿಂ ಗಾರ್ಕಿ. ಸತ್ತವರಲ್ಲಿ ಹಲವರನ್ನು ನಾಲ್ಕು ದಿನ ಕಳೆದು, ಜನವರಿ 9ರಂದು, ಪ್ರೆಒಬ್ರಾಜೆನ್‌ಸ್ಕೊಯೆ ಸ್ಮಶಾನದಲ್ಲಿ 1905ರ ಅರ್ಜಿದಾರರ ಪಕ್ಕದಲ್ಲಿ ಮಣ್ಣು ಮಾಡಿದರು.